ಅಪ್‌ಡೇಟ್ ಅವರದು, ಚಾರ್ಜ್ ನಮ್ಮದು

ಫೋನ್ ಸ್ವಿಚ್ ಆಫ್ ಆದಾಗ ಬ್ಯಾಟರಿ ಶೇ 22 ತೋರಿಸುತ್ತಿತ್ತು. ನಾನು ಧಾರವಾಡದ ಸಪ್ತಾಪುರದಲ್ಲಿ, ದಿನವೂ ಓದಲು ಹೋಗುವ ಗ್ರಂಥಾಲಯದ ಮೆಟ್ಟಿಲ ಮೇಲೆ ನಿಂತಿದ್ದೆ. ಆ ಕಡೆಯಿಂದ ಬೆಂಗಳೂರಿನ ಕಂಪನಿಯೊಂದರ ಮೇಡಂ ಲೆಕ್ಕಪತ್ರ ಸಹಾಯಕ ಹುದ್ದೆಗೆ ಫೋನ್‌ನಲ್ಲೇ ಸಂದರ್ಶನ ಮಾಡುತ್ತಿದ್ದರು. ಜಿಎಸ್‌ಟಿಯ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಬಗ್ಗೆ ಕೇಳಿದ್ದರು. ಉತ್ತರ ನನಗೆ ಚೆನ್ನಾಗಿಯೇ ಗೊತ್ತಿತ್ತು. ಅರ್ಧ ಹೇಳಿದ್ದೆ, ಅಷ್ಟರಲ್ಲಿ ಪರದೆ ಕಪ್ಪಾಯಿತು.

ಎದುರಿನ ಜೆರಾಕ್ಸ್ ಅಂಗಡಿಗೆ ಓಡಿದೆ. ಚಾರ್ಜರ್ ಸಿಕ್ಕಿ, ಫೋನ್ ಕಣ್ಣು ಬಿಡುವಷ್ಟರಲ್ಲಿ ಎಂಟು ನಿಮಿಷ ಕಳೆದಿತ್ತು. ಎರಡು ಮಿಸ್ಡ್ ಕಾಲ್ ಇದ್ದವು. ವಾಪಸ್ ಮಾಡಿದರೆ ಯಾರೂ ಎತ್ತಲಿಲ್ಲ. ಸಂಜೆ ಬಂದ ಇಮೇಲ್‌ನಲ್ಲಿ ‘ಮುಂದಿನ ಅವಕಾಶದಲ್ಲಿ ನಿಮ್ಮನ್ನು ಪರಿಗಣಿಸುತ್ತೇವೆ’ ಎಂದಿತ್ತು. ಕೆಲಸ ಹುಡುಕುವವರಿಗೆ ಆ ವಾಕ್ಯದ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ.

ಅದಕ್ಕೆ ಎರಡು ದಿನ ಮೊದಲು ಫೋನ್‌ಗೆ ದೊಡ್ಡ ಸಾಫ್ಟ್‌ವೇರ್ ಅಪ್‌ಡೇಟ್ ಬಂದಿತ್ತು. ‘ಹೊಸ ಆವೃತ್ತಿ ಸಿದ್ಧವಾಗಿದೆ’ ಎಂಬ ಸಂದೇಶವನ್ನು ವಾರವಿಡೀ ಪಕ್ಕಕ್ಕೆ ಸರಿಸಿ ಸಾಕಾಗಿ, ಒಂದು ರಾತ್ರಿ ಒಪ್ಪಿಗೆ ಒತ್ತಿ ಮಲಗಿದ್ದೆ. ಬೆಳಿಗ್ಗೆ ಐಕಾನ್‌ಗಳು ಚೆಂದವಾಗಿದ್ದವು, ಫೋನ್ ಮಾತ್ರ ರೊಟ್ಟಿ ಹಂಚಿನಂತೆ ಬಿಸಿಯಾಗಿತ್ತು. ಮೊದಲು ಏಳಕ್ಕೆ ಚಾರ್ಜ್ ಮಾಡಿದರೆ ರಾತ್ರಿವರೆಗೆ ಬರುತ್ತಿದ್ದ ಬ್ಯಾಟರಿ ಮಧ್ಯಾಹ್ನದ ಊಟಕ್ಕೇ ಕೈ ಎತ್ತತೊಡಗಿತು.

ಇದು ನನ್ನೊಬ್ಬನ ಕಥೆಯಲ್ಲ. ನಮ್ಮ ರೂಮಿನಲ್ಲಿ ನಾಲ್ವರಿದ್ದೇವೆ, ಮೂವರು ಇದನ್ನು ಅನುಭವಿಸಿದ್ದೇವೆ. ಪ್ರತಿಸಲವೂ ಸಿಗುವುದು ಎರಡೇ ಸಲಹೆ. ಗೆಳೆಯರದು, ‘ರೀಸೆಟ್ ಹೊಡಿ, ಎಲ್ಲಾ ಸರಿ ಆಗ್ತದ.’ ಸರ್ವಿಸ್ ಸೆಂಟರಿನವರದು, ‘ಹಳೇ ಫೋನ್ ಸರ್, ಎಕ್ಸ್‌ಚೇಂಜ್ ಆಫರ್ ಐತಿ, ಹೊಸದು ತಗೊಳ್ಳಿ.’ ಮೊದಲ ಸಲಹೆ ಕೇಳಿದ ನನ್ನ ರೂಮ್‌ಮೇಟ್ ಬ್ಯಾಕಪ್ ಇಲ್ಲದೆ ರೀಸೆಟ್ ಮಾಡಿ, ಆರು ತಿಂಗಳು ಕೂಡಿಟ್ಟ ನೋಟ್ಸ್‌ಗಳ ಫೋಟೊ ಕಳೆದುಕೊಂಡ. ಎರಡನೆಯದನ್ನು ಕೇಳಲು ನಮ್ಮ ಬಳಿ ದುಡ್ಡಿಲ್ಲ. ನನ್ನ ಫೋನ್ ಮೂರು ವರ್ಷದ ಹಿಂದೆ ಅವ್ವ ಸ್ವಸಹಾಯ ಸಂಘದಲ್ಲಿ ಸಾಲ ಎತ್ತಿ ಕೊಡಿಸಿದ್ದು.

ಹಾಗಾಗಿ ಮೂರನೆಯ ದಾರಿ ಹಿಡಿದೆ. ಆಗುತ್ತಿರುವುದೇನು ಎಂದು ತಿಳಿದುಕೊಳ್ಳಲು ಕುಳಿತೆ.

ಮೊದಲು ಕಾಯಿರಿ, ಆಮೇಲೆ ಹುಡುಕಿ

ದೊಡ್ಡ ಅಪ್‌ಡೇಟ್ ಎಂದರೆ ಮನೆ ಬದಲಿಸಿದ ಹಾಗೆ. ಲಾರಿ ಹೋದ ಮೇಲೂ ವಾರಗಟ್ಟಲೆ ಪೆಟ್ಟಿಗೆ ಬಿಚ್ಚುವ ಕೆಲಸ ಇರುತ್ತದೆ. ಹೊಸ ಆವೃತ್ತಿಗೆ ತಕ್ಕಂತೆ ಫೋನ್ ಪ್ರತಿಯೊಂದು ಆ್ಯಪ್ ಅನ್ನೂ ಮತ್ತೆ ಹೊಂದಿಸಿಕೊಳ್ಳಬೇಕು. ಗ್ಯಾಲರಿಯ ಸಾವಿರಾರು ಫೋಟೊಗಳನ್ನು ಹೊಸದಾಗಿ ವಿಂಗಡಿಸಬಹುದು. ಅದೇ ಹೊತ್ತಿಗೆ ಆ್ಯಪ್‌ಗಳೂ ಒಂದರ ಹಿಂದೊಂದು ಅಪ್‌ಡೇಟ್ ಆಗುತ್ತವೆ. ಇದೆಲ್ಲ ತೆರೆಮರೆಯಲ್ಲಿ ನಡೆಯುವುದರಿಂದ ನಮಗೆ ಕಾಣುವುದು ಬಿಸಿ ಮತ್ತು ಇಳಿಯುವ ಚಾರ್ಜ್ ಮಾತ್ರ. ಆಂಡ್ರಾಯ್ಡ್‌ನಲ್ಲಿ 2018ರಿಂದ ಇರುವ ‘ಅಡಾಪ್ಟಿವ್ ಬ್ಯಾಟರಿ’ ನಾವು ಯಾವ ಆ್ಯಪ್ ಎಷ್ಟು ಬಳಸುತ್ತೇವೆ ಎಂಬುದನ್ನು ಗಮನಿಸಿ, ಬಳಸದವುಗಳಿಗೆ ಲಗಾಮು ಹಾಕುತ್ತದೆ. ಈ ರೂಢಿ ಕಲಿಯಲೂ ಅದಕ್ಕೆ ದಿನಗಳು ಬೇಕು.

ಆದ್ದರಿಂದ ಮೊದಲ ಮೂರು–ನಾಲ್ಕು ದಿನ ಏನನ್ನೂ ಕೆದಕಬೇಡಿ. ರಾತ್ರಿ ವೈಫೈ ಇದ್ದಲ್ಲಿ ಚಾರ್ಜ್‌ಗೆ ಹಾಕಿ, ಒಮ್ಮೆ ರೀಸ್ಟಾರ್ಟ್ ಮಾಡಿ, ಬಾಕಿ ಇರುವ ಆ್ಯಪ್ ಅಪ್‌ಡೇಟ್‌ಗಳನ್ನು ಮುಗಿಸಿ. ಬಹಳಷ್ಟು ಸಲ ಇಷ್ಟಕ್ಕೇ ಸರಿಹೋಗುತ್ತದೆ.

ವಾರ ಕಳೆದರೂ ಸರಿಹೋಗದಿದ್ದರೆ ಸೆಟ್ಟಿಂಗ್ಸ್‌ನಲ್ಲಿ ‘ಬ್ಯಾಟರಿ’ ತೆರೆದು, ಯಾವ ಆ್ಯಪ್ ಎಷ್ಟು ತಿಂದಿದೆ ಎಂಬ ಪಟ್ಟಿ ನೋಡಿ. ನನ್ನ ಪಟ್ಟಿಯ ಮೇಲ್ಭಾಗದಲ್ಲಿ ಇದ್ದದ್ದು ಉದ್ಯೋಗ ಹುಡುಕುವ ಆ್ಯಪ್! ನಾನು ತೆರೆಯದೇ ಇದ್ದರೂ ದಿನವಿಡೀ ಹಿನ್ನೆಲೆಯಲ್ಲಿ ಓಡುತ್ತಿತ್ತು, ಲೊಕೇಶನ್ ಕೇಳುತ್ತಿತ್ತು. ಅದರ ಬ್ಯಾಟರಿ ಬಳಕೆಯನ್ನು ‘ರಿಸ್ಟ್ರಿಕ್ಟೆಡ್’ ಮಾಡಿದೆ. ಲೊಕೇಶನ್ ಅನುಮತಿಯನ್ನು ‘ಆ್ಯಪ್ ಬಳಸುವಾಗ ಮಾತ್ರ’ ಎಂದು ಬದಲಿಸಿದೆ. ಒಂದು ಎಚ್ಚರಿಕೆ: ವಾಟ್ಸ್‌ಆ್ಯಪ್, ಇಮೇಲ್‌ಗಳಿಗೆ ಹೀಗೆ ಕಡಿವಾಣ ಹಾಕಿದರೆ ಸಂದರ್ಶನದ ಕರೆ ತಡವಾಗಿ ಕಾಣಿಸೀತು.

ಇನ್ನೊಂದು ಸಂಗತಿ. ಅಪ್‌ಡೇಟ್ ನನ್ನ ಕೆಲವು ಆಯ್ಕೆಗಳನ್ನು ಕೇಳದೆಯೇ ಬದಲಿಸಿತ್ತು. 60 ಹರ್ಟ್ಸ್‌ಗೆ ಇಳಿಸಿಟ್ಟಿದ್ದ ಪರದೆಯ ರಿಫ್ರೆಶ್ ರೇಟ್ 120ಕ್ಕೆ ಏರಿತ್ತು. ಲಾಕ್ ಆದಾಗಲೂ ಗಡಿಯಾರ ತೋರಿಸುವ ‘ಆಲ್ವೇಸ್ ಆನ್’ ಚಾಲೂ ಆಗಿತ್ತು. 5ಜಿ ಸಿಗ್ನಲ್ ಸರಿಯಾಗಿ ಸಿಗದ ಕಡೆ ಫೋನ್ ಅದನ್ನು ಹುಡುಕುತ್ತಲೇ ಚಾರ್ಜ್ ಸುಡುತ್ತದೆ, ಅಂಥಲ್ಲಿ 4ಜಿ ಸಾಕು. ಇವಿಷ್ಟನ್ನೂ ಸರಿಪಡಿಸಿದ ಮೇಲೆ ಮಧ್ಯಾಹ್ನಕ್ಕೆ ಮುಗಿಯುತ್ತಿದ್ದ ಚಾರ್ಜ್ ಸಂಜೆ ಆರರವರೆಗೆ ಬಂತು.

ಮಾಡಬಾರದ್ದೂ ಇದೆ. ‘ಬ್ಯಾಟರಿ ಸೇವರ್’, ‘ಬೂಸ್ಟರ್’ ಎಂಬ ಹೆಸರಿನ ಆ್ಯಪ್‌ಗಳನ್ನು ಹಾಕಿಕೊಳ್ಳಬೇಡಿ. ಅವೂ ಹಿನ್ನೆಲೆಯಲ್ಲಿ ಓಡುವ ಆ್ಯಪ್‌ಗಳೇ, ಜೊತೆಗೆ ಜಾಹೀರಾತು ಬೇರೆ. ತೆರೆದ ಆ್ಯಪ್‌ಗಳನ್ನೆಲ್ಲ ಐದು ನಿಮಿಷಕ್ಕೊಮ್ಮೆ ಗುಡಿಸಿ ಹಾಕುವುದೂ ಬೇಡ. ಮತ್ತೆ ಮೊದಲಿನಿಂದ ತೆರೆಯಲು ಫೋನ್ ಹೆಚ್ಚು ಶ್ರಮಪಡುತ್ತದೆ. ಫ್ಯಾಕ್ಟರಿ ರೀಸೆಟ್ ಕಟ್ಟಕಡೆಯ ಉಪಾಯ, ಅದೂ ಪೂರ್ತಿ ಬ್ಯಾಕಪ್ ಆದ ಮೇಲೆ.

ಶೇ 22ರ ಗುಟ್ಟು

ಆದರೂ ಒಂದು ಪ್ರಶ್ನೆ ಉಳಿದಿತ್ತು. ಶೇ 22 ಇದ್ದಾಗ ಫೋನ್ ಆಫ್ ಆಗಿದ್ದೇಕೆ? ಲಿಥಿಯಂ ಅಯಾನ್ ಬ್ಯಾಟರಿಗೆ ವಯಸ್ಸಾದಂತೆ ಅದರ ಒಳರೋಧ ಹೆಚ್ಚುತ್ತದೆ. ಫೋನ್ ಒಮ್ಮೆಲೇ ಹೆಚ್ಚು ವಿದ್ಯುತ್ ಎಳೆದರೆ ವೋಲ್ಟೇಜ್ ಕುಸಿಯುತ್ತದೆ. ಆಗ ಒಳಗೆ ಚಾರ್ಜ್ ಉಳಿದಿದ್ದರೂ ಫೋನ್ ತನ್ನ ರಕ್ಷಣೆಗಾಗಿ ಆಫ್ ಆಗುತ್ತದೆ. ಅಂದರೆ ಬ್ಯಾಟರಿ ಮೊದಲೇ ದಣಿದಿತ್ತು, ಅಪ್‌ಡೇಟ್ ಅದರ ಬೆನ್ನ ಮೇಲೆ ಇನ್ನೊಂದು ಮೂಟೆ ಹೇರಿತ್ತು. ನಿಮ್ಮ ಫೋನ್ ಕೂಡ ಶೇ 20–30ರಲ್ಲೇ ಆಫ್ ಆಗುತ್ತಿದ್ದರೆ ಸೆಟ್ಟಿಂಗ್ಸ್ ಕೆದಕುವುದನ್ನು ಬಿಟ್ಟು ಬ್ಯಾಟರಿ ತಪಾಸಣೆ ಮಾಡಿಸಿ. ನಾನು 1,350 ರೂಪಾಯಿ ಕೊಟ್ಟು ಬ್ಯಾಟರಿ ಬದಲಿಸಿದೆ. ಫೋನ್ ಈಗ ಮತ್ತೆ ರಾತ್ರಿವರೆಗೆ ಬರುತ್ತಿದೆ. ಹೊಸ ಫೋನ್ ಬೇಕಾಗಿರಲಿಲ್ಲ!

ಇಷ್ಟು ಸರಳವಾದ ವಿಷಯವನ್ನು ಫೋನೇ ನನಗೆ ಯಾಕೆ ಹೇಳಲಿಲ್ಲ ಎಂಬುದೇ ನನ್ನ ತಕರಾರು. ಅಪ್‌ಡೇಟ್‌ಗೆ ಒಪ್ಪಿಗೆ ಕೇಳುವ ಪುಟದಲ್ಲಿ ಹೊಸ ಎಮೋಜಿಗಳ ಬಗ್ಗೆ ಇತ್ತು, ಹೊಸ ವಾಲ್‌ಪೇಪರ್ ಬಗ್ಗೆ ಇತ್ತು. ‘ನಿಮ್ಮ ಬ್ಯಾಟರಿ ಹಳೆಯದಾಗಿದೆ, ಕೆಲವು ದಿನ ಚಾರ್ಜ್ ಬೇಗ ಇಳಿಯಬಹುದು, ಮುಖ್ಯ ಕೆಲಸ ಇದ್ದರೆ ಮುಂದೂಡಿ’ ಎಂಬ ಒಂದು ಸಾಲು ಇರಲಿಲ್ಲ. ಆ ಒಂದು ಸಾಲು ಇದ್ದಿದ್ದರೆ ನಾನು ಸಂದರ್ಶನ ಮುಗಿಯುವವರೆಗೆ ಕಾಯುತ್ತಿದ್ದೆ.

ಕಂಪನಿಗಳು ಹೇಳದೆ ಇರುವುದು ಹೊಸದೇನಲ್ಲ. ಹಳೆಯ ಬ್ಯಾಟರಿಯ ಐಫೋನ್‌ಗಳು ಹಠಾತ್ತನೆ ಆಫ್ ಆಗದಿರಲಿ ಎಂದು ಸಾಫ್ಟ್‌ವೇರ್ ಮೂಲಕ ಅವುಗಳ ವೇಗ ತಗ್ಗಿಸಿದ್ದನ್ನು ಆ್ಯಪಲ್ 2017ರ ಡಿಸೆಂಬರ್‌ನಲ್ಲಿ ಒಪ್ಪಿಕೊಂಡಿತು. ಬಳಕೆದಾರರು ಸಿಟ್ಟಾದದ್ದು ವೇಗ ತಗ್ಗಿಸಿದ್ದಕ್ಕಿಂತ ಹೆಚ್ಚಾಗಿ ಅದನ್ನು ಹೇಳದೆ ಮಾಡಿದ್ದಕ್ಕೆ. ಬ್ಯಾಟರಿ ಬದಲಿಸಿದರೆ ಸರಿಹೋಗುತ್ತದೆ ಎಂದು ತಿಳಿಯದೆ ಎಷ್ಟೋ ಜನ ಹೊಸ ಫೋನ್ ಕೊಂಡಿದ್ದರು. ಆಮೇಲೆ ಕಂಪನಿ ಅಮೆರಿಕದಲ್ಲಿ ಬ್ಯಾಟರಿ ಬದಲಾವಣೆಯ ದರವನ್ನು 79 ಡಾಲರ್‌ನಿಂದ 29ಕ್ಕೆ ಇಳಿಸಿತು. 2018ರ ಮಾರ್ಚ್‌ನಲ್ಲಿ ಬ್ಯಾಟರಿಯ ಆರೋಗ್ಯ ತೋರಿಸುವ ಪುಟವನ್ನು ಫೋನ್‌ನಲ್ಲೇ ಕೊಟ್ಟಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಇಟಲಿಯ ಸ್ಪರ್ಧಾ ಪ್ರಾಧಿಕಾರ, ಹಳೆಯ ಫೋನ್‌ಗಳಿಗೆ ತಾಳದ ಅಪ್‌ಡೇಟ್‌ಗಳನ್ನು ತಳ್ಳಿದ್ದಕ್ಕೆ ಆ್ಯಪಲ್ ಮತ್ತು ಸ್ಯಾಮ್‌ಸಂಗ್ ಎರಡಕ್ಕೂ ದಂಡ ಹಾಕಿತು. 2025ರ ಜನವರಿಯಲ್ಲಿ ಗೂಗಲ್ ಪಿಕ್ಸೆಲ್ 4ಎ ಫೋನ್‌ಗೆ ಕಳಿಸಿದ ಅಪ್‌ಡೇಟ್, ಕೆಲವು ಫೋನ್‌ಗಳ ಬ್ಯಾಟರಿ ಸಾಮರ್ಥ್ಯವನ್ನೇ ಕಡಿಮೆ ಮಾಡಿತು. ಅಂಥವರಿಗೆ ಉಚಿತ ಬ್ಯಾಟರಿ ಅಥವಾ ಪರಿಹಾರದ ಆಯ್ಕೆ ಕೊಡಬೇಕಾಯಿತು.

ಅಪ್‌ಡೇಟ್ ಬೇಡವೆಂದಲ್ಲ

‘ಹಾಗಾದರೆ ಅಪ್‌ಡೇಟನ್ನೇ ಮಾಡಬೇಡ’ ಎನ್ನುವವರಿದ್ದಾರೆ. ಅದು ಸರಿಯಲ್ಲ. ಭದ್ರತೆಯ ಲೋಪಗಳನ್ನು ಮುಚ್ಚುವುದು ಇದೇ ಅಪ್‌ಡೇಟ್‌ಗಳು. ನಮ್ಮ ಯುಪಿಐ, ಬ್ಯಾಂಕ್ ಖಾತೆ, ಡಿಜಿಲಾಕರ್‌ನ ಅಂಕಪಟ್ಟಿ ಎಲ್ಲವೂ ಇರುವುದು ಈ ಒಂದೇ ಫೋನ್‌ನಲ್ಲಿ. ತೀರಾ ಹಳೆಯ ಆವೃತ್ತಿಯಾದರೆ ಬ್ಯಾಂಕ್ ಆ್ಯಪ್‌ಗಳೂ ಕೆಲಸ ಮಾಡುವುದಿಲ್ಲ. ಅಪ್‌ಡೇಟ್ ಬೇಕೇ ಬೇಕು. ಆದರೆ ಯಾವಾಗ ಎಂಬುದನ್ನು ನಾವು ತೀರ್ಮಾನಿಸಬೇಕು. ಅದರಿಂದ ಏನಾಗುತ್ತದೆ ಎಂಬುದನ್ನು ಅವರು ಮೊದಲೇ ಹೇಳಬೇಕು.

ಇದನ್ನು ಕಾನೂನು ಮಾಡಿಸಬಲ್ಲದು. ಯುರೋಪಿಯನ್ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಮಾರುಕಟ್ಟೆಗೆ ಬರುವ ಫೋನ್‌ಗಳ ಬ್ಯಾಟರಿ 800 ಬಾರಿ ಪೂರ್ತಿ ಚಾರ್ಜ್ ಆದ ಮೇಲೂ ಕನಿಷ್ಠ ಶೇ 80ರಷ್ಟು ಸಾಮರ್ಥ್ಯ ಉಳಿಸಿಕೊಂಡಿರಬೇಕು. ಮಾರಾಟ ನಿಂತ ನಂತರವೂ ಏಳು ವರ್ಷ ಮುಖ್ಯ ಬಿಡಿಭಾಗಗಳು ಸಿಗಬೇಕು. ನಮ್ಮಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್‌ನಲ್ಲಿ ‘ದುರಸ್ತಿಯ ಹಕ್ಕು’ ಪೋರ್ಟಲ್ ಆರಂಭಿಸಿತು. ಫೋನ್‌ಗಳಿಗೆ ದುರಸ್ತಿ ಸೂಚ್ಯಂಕ ಕೊಡುವ ಬಗ್ಗೆ ಸಮಿತಿಯೊಂದು 2025ರಲ್ಲಿ ವರದಿಯನ್ನೂ ಸಲ್ಲಿಸಿದೆ. ಫ್ರಿಜ್ ಕೊಳ್ಳುವಾಗ ನಕ್ಷತ್ರ ಎಣಿಸುವ ಹಾಗೆ, ಫೋನ್ ಕೊಳ್ಳುವಾಗ ಇದರ ಬ್ಯಾಟರಿ ಎಷ್ಟು ವರ್ಷ ಬರುತ್ತದೆ, ಬದಲಿಸುವುದು ಎಷ್ಟು ಸುಲಭ ಎಂದು ನೋಡುವ ದಿನ ಬೇಗ ಬರಲಿ. ಹತ್ತು ಸಾವಿರದ ಫೋನ್‌ನಲ್ಲೂ ಬ್ಯಾಟರಿಯ ಆರೋಗ್ಯ ತೋರಿಸುವ ಪುಟ ಇರಲಿ. ಅಪ್‌ಡೇಟ್‌ನ ಪರಿಣಾಮ ಕನ್ನಡದಲ್ಲೂ ಬರಲಿ.

ಅಲ್ಲಿಯವರೆಗೆ ಸುಮ್ಮನಿರಬೇಕಿಲ್ಲ. ವಾರಂಟಿಯಲ್ಲಿರುವ ಫೋನ್ ಅಪ್‌ಡೇಟ್ ಬಳಿಕ ಕೆಟ್ಟು, ಸರ್ವಿಸ್ ಸೆಂಟರ್ ಕೈ ಚೆಲ್ಲಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತನಾಡಬಹುದು. ಜಿಲ್ಲಾ ಗ್ರಾಹಕ ಆಯೋಗದಲ್ಲಿ 5 ಲಕ್ಷ ರೂಪಾಯಿವರೆಗಿನ ಸರಕು–ಸೇವೆಯ ದೂರಿಗೆ ಶುಲ್ಕವಿಲ್ಲ. ಬಿಲ್ ಜೋಪಾನವಾಗಿಡಿ, ಬ್ಯಾಟರಿ ಪುಟದ ಸ್ಕ್ರೀನ್‌ಶಾಟ್ ತೆಗೆದಿಡಿ, ಸರ್ವಿಸ್ ಸೆಂಟರಿನ ಜಾಬ್ ಶೀಟ್ ಕೇಳಿ ಪಡೆಯಿರಿ. ಬಾಯಿಮಾತಿಗೆ ಬೆಲೆ ಇಲ್ಲ, ಕಾಗದಕ್ಕೆ ಇದೆ.

ನಮ್ಮ ಮಟ್ಟಿಗೂ ಕೆಲವು ನಿಯಮ ಇರಲಿ. ಪರೀಕ್ಷೆ, ಸಂದರ್ಶನ, ಕೌನ್ಸೆಲಿಂಗ್ ಇರುವ ವಾರ ದೊಡ್ಡ ಅಪ್‌ಡೇಟ್ ಬೇಡ. ಆಟೊ ಅಪ್‌ಡೇಟ್ ಆಯ್ಕೆ ಇದ್ದರೆ ಆ ವಾರ ಆಫ್ ಮಾಡಿ. ಪ್ರವೇಶಪತ್ರದ ಮುದ್ರಿತ ಪ್ರತಿ ಚೀಲದಲ್ಲಿರಲಿ. ಮುಖ್ಯ ಕರೆಗೆ ಗೆಳೆಯರ ನಂಬರನ್ನೂ ಪರ್ಯಾಯವಾಗಿ ಕೊಟ್ಟಿರಿ. ನಾನು ಇದನ್ನು ಕಲಿತದ್ದು ಒಂದು ಕೆಲಸ ಕಳೆದುಕೊಂಡು.

ನಿನ್ನೆ ಮತ್ತೆ ಅದೇ ಸಂದೇಶ ಬಂತು: ‘ಅಪ್‌ಡೇಟ್ ಸಿದ್ಧವಾಗಿದೆ. ಈಗಲೇ ಇನ್‌ಸ್ಟಾಲ್ ಮಾಡಬೇಕೇ?’ ಗುರುವಾರ ಇನ್ನೊಂದು ಸಂದರ್ಶನ ಇದೆ. ‘ನಂತರ’ ಒತ್ತಿದೆ. ಶನಿವಾರ ರಾತ್ರಿ ಮಾಡುತ್ತೇನೆ. ಮಾಡದೇ ಬಿಡುವುದಿಲ್ಲ, ಆದರೆ ಈ ಸಲ ಸಮಯ ನನ್ನದು.