ತಪಾಸಣೆಯ ಫಲಿತಾಂಶವೂ ಅಮಾನತ್ತೇ

ನಾಡಿಯ ಜೊತೆಗೆ ಮೂತ್ರವನ್ನೂ ನೋಡಿ ರೋಗ ತಿಳಿಯುವುದು ಯುನಾನಿ ವೈದ್ಯರ ಹಳೆಯ ಪಾಠ. ಅದನ್ನು ಕಾರೂರಾ ಎನ್ನುತ್ತೇವೆ. 2009ರ ನವೆಂಬರಿನಲ್ಲಿ ನಮ್ಮ ನೆರೆಯ ಉತ್ತರ ಕನ್ನಡದ ಕೈಗಾ ಅಣುವಿದ್ಯುತ್ ಸ್ಥಾವರದಲ್ಲಿ ಅಪಾಯ ಬಯಲಾದದ್ದೂ ಮೂತ್ರ ಪರೀಕ್ಷೆಯಿಂದಲೇ. ಕುಡಿಯುವ ನೀರಿನ ಕೂಲರ್‌ಗೆ ಯಾರೋ ಟ್ರಿಟಿಯಂ ಇದ್ದ ಭಾರಜಲ ಬೆರೆಸಿದ್ದರು. ಸುಮಾರು 55 ಕೆಲಸಗಾರರು ಆ ನೀರು ಕುಡಿದಿದ್ದರು.

ಟ್ರಿಟಿಯಂ ಎಂದರೆ ಹೈಡ್ರೋಜನ್ನಿನ ವಿಕಿರಣಶೀಲ ರೂಪ. ಅದು ನೀರಿನ ಜೊತೆ ದೇಹವೆಲ್ಲ ಹರಡಿ, ಬೆವರು ಮತ್ತು ಮೂತ್ರದಲ್ಲಿ ಹೊರಬೀಳುತ್ತದೆ. ಸುಮಾರು ಹತ್ತು ದಿನಗಳಲ್ಲಿ ಅರ್ಧ ಹೋಗುತ್ತದೆ. ಹೆಚ್ಚು ನೀರು ಕುಡಿಸುವುದು, ಮೂತ್ರ ಹೆಚ್ಚಿಸುವ ಔಷಧಿ ಕೊಡುವುದು, ಇದೇ ಚಿಕಿತ್ಸೆ. ಇದಕ್ಕೆ ಮಾಜೂನು, ಶರಬತ್ತು ಇದೆ ಎಂದು ಯಾವ ಹಕೀಮರಾದರೂ ಹೇಳಿದರೆ ನಂಬಬೇಡಿ.

ನನ್ನ ಪ್ರಶ್ನೆ ಬೇರೆ. ಪರೀಕ್ಷೆಯಲ್ಲಿ ಬಂದ ಅಂಕಿ ಯಾರದು?

ಪೆಸಿಫಿಕ್ ಸಾಗರದ ಮಾರ್ಷಲ್ ದ್ವೀಪಗಳ ಕಥೆ ಕೇಳಿ. 1954ರ ಮಾರ್ಚ್ 1ರಂದು ಅಮೆರಿಕ ಬಿಕಿನಿಯಲ್ಲಿ ಹೈಡ್ರೋಜನ್ ಬಾಂಬ್ ಸಿಡಿಸಿತು. ರೊಂಗೆಲಾಪ್ ದ್ವೀಪದ ಮೇಲೆ ಬೂದಿ ಮಳೆಯಂತೆ ಸುರಿಯಿತು. ಮಕ್ಕಳು ಅದರಲ್ಲಿ ಆಟವಾಡಿದರು. ಜನರನ್ನು ಬೇರೆಡೆ ಸಾಗಿಸಿ, 1957ರಲ್ಲಿ ಭಯವಿಲ್ಲವೆಂದು ಮರಳಿ ಕರೆತಂದರು. ಅಮೆರಿಕದ ವೈದ್ಯರು ವರ್ಷ ವರ್ಷ ಬಂದು ರಕ್ತ, ಮೂತ್ರ ತೆಗೆದುಕೊಂಡು ಹೋದರು. 1963ರಿಂದ ಥೈರಾಯ್ಡ್ ಗಂಟುಗಳು ಕಾಣತೊಡಗಿದವು. ‘ನಮ್ಮನ್ನು ಪರೀಕ್ಷಿಸುತ್ತಾರೆ, ಆದರೆ ನಮಗೇನಾಗಿದೆ ಎಂದು ಹೇಳುವುದಿಲ್ಲ’ ಎಂಬುದು ಅವರ ದೂರು. ಕೊನೆಗೆ 1985ರಲ್ಲಿ ಅವರು ತಾವಾಗಿಯೇ ದ್ವೀಪ ಬಿಟ್ಟರು.

ಕೈಗಾದ ಘಟನೆಯನ್ನು ಆ ಬಾಂಬಿಗೆ ಹೋಲಿಸುವುದು ತಪ್ಪು. ಆದರೆ ಪಾಠ ಒಂದೇ: ಅಳೆಯುವುದಷ್ಟೇ ಆರೈಕೆಯಲ್ಲ. ವಿಕಿರಣದ ಪರಿಣಾಮ ವರ್ಷಗಳ ನಂತರವೂ ಕಾಣಬಹುದು. ಅಷ್ಟರಲ್ಲಿ ಗುತ್ತಿಗೆ ಕೆಲಸಗಾರ ಊರು ಸೇರಿರುತ್ತಾನೆ. ಕಾಯಿಲೆ ಬಿದ್ದು ಹುಬ್ಬಳ್ಳಿಯ ಆಸ್ಪತ್ರೆಗೆ ಬಂದಾಗ ಅವನ ಕೈಯಲ್ಲಿ ಹಳೆಯ ದಾಖಲೆ ಇಲ್ಲದಿದ್ದರೆ ವೈದ್ಯರಾದರೂ ಏನು ಮಾಡಬೇಕು?

ಅಮಾನತ್ತನ್ನು ಹಕ್ಕುದಾರನಿಗೆ ತಲುಪಿಸುವುದು ನಮ್ಮ ದೀನ್ ಕಲಿಸಿದ ಕರ್ತವ್ಯ. ದೇಹ ಅಲ್ಲಾಹನು ನಮಗೆ ಕೊಟ್ಟ ಅಮಾನತ್ತು. ಅದರ ತಪಾಸಣೆಯ ವರದಿ, ಪರೀಕ್ಷಿಸಿದವರ ಬಳಿ ಇರುವ ನಮ್ಮ ಅಮಾನತ್ತು. ಪ್ರತಿ ಕೆಲಸಗಾರನಿಗೂ ಅದು ಕನ್ನಡದಲ್ಲಿ, ಅರ್ಥವಾಗುವಂತೆ ಸಿಗಬೇಕು. ಸ್ಥಾವರವಿರಲಿ, ಕಾರ್ಖಾನೆಯಿರಲಿ, ನಿಮ್ಮ ಮನೆಯವರು ಅಲ್ಲಿ ದುಡಿಯುತ್ತಿದ್ದರೆ ವರದಿಯ ಪ್ರತಿ ಕೇಳಿ ಪಡೆಯಿರಿ. ರೇಷನ್ ಕಾರ್ಡಿನ ಜೊತೆ ಜೋಪಾನವಾಗಿಡಿ. ಯಾವ ವೈದ್ಯರ ಬಳಿ ಹೋದರೂ ಮೊದಲು ಅದನ್ನು ತೋರಿಸಿ.