ಹೊರೆ ಎತ್ತಿಕೊಟ್ಟ ಶ್ಯಾಮ

ಮಕ್ಕಳೇ, ಕೊಟ್ಟ ಮಾತಿಗಾಗಿ ಹುಲಿಯ ಬಳಿ ಮರಳಿದ ಪುಣ್ಯಕೋಟಿಯ ಕಥೆ ನಿಮಗೆಲ್ಲ ಗೊತ್ತು. ನಮ್ಮ ಬೆಳಗಾವಿಯಲ್ಲಿ ಪಕ್ಕದ ಮನೆಯ ಮರಾಠಿ ಗೆಳೆಯನಿಗೆ ಶ್ಯಾಮನ ಕಥೆ ಗೊತ್ತಿರುತ್ತದೆ. ಅದನ್ನು ಕೇಳಿದ್ದೀರಾ?

ಸಾನೆ ಗುರೂಜಿಯವರು 1933ರಲ್ಲಿ ನಾಶಿಕದ ಜೈಲಿನಲ್ಲಿದ್ದಾಗ ಬರೆದ ಪುಸ್ತಕ ‘ಶ್ಯಾಮಚಿ ಆಯಿ’, ಅಂದರೆ ಶ್ಯಾಮನ ತಾಯಿ. ಅದರಲ್ಲೊಂದು ಪ್ರಸಂಗವಿದೆ. ಅಸ್ಪೃಶ್ಯಳೆಂದು ಊರು ದೂರವಿಟ್ಟ ಮುದುಕಿಯೊಬ್ಬಳ ಕಟ್ಟಿಗೆ ಹೊರೆ ಕೆಳಗೆ ಬಿದ್ದಿದೆ. ಎತ್ತಿಕೊಡುವವರಿಲ್ಲ. ಹೋಗಿ ಎತ್ತಿಕೊಡು, ಬಂದು ಸ್ನಾನ ಮಾಡಿದರಾಯಿತು ಎಂದು ತಾಯಿ ಶ್ಯಾಮನನ್ನು ಕಳಿಸುತ್ತಾಳೆ.

ಸ್ನಾನದ ಮಾತು ಇಂದು ನಮಗೆ ಚುಚ್ಚುತ್ತದೆ, ಚುಚ್ಚಲೇಬೇಕು. ಆ ತಾಯಿ ಹಳೆಯ ಕಟ್ಟುಪಾಡು ಪೂರ್ತಿ ಬಿಡಲಿಲ್ಲ. ಆದರೆ ಕರುಣೆಯನ್ನು ಅದಕ್ಕಿಂತ ಮುಂದಿಟ್ಟಳು. ಗುರೂಜಿ ಇನ್ನೂ ಮುಂದೆ ನಡೆದರು. ಪಂಢರಪುರದ ವಿಠ್ಠಲ ಮಂದಿರ ದಲಿತರಿಗೂ ತೆರೆಯಲೆಂದು 1947ರಲ್ಲಿ ಉಪವಾಸ ಕುಳಿತರು. ಬಾಗಿಲು ತೆರೆಯಿತು.

ನಾನು ಖಾನಾಪುರದಲ್ಲಿ ಬ್ಯಾಂಕ್ ಗುಮಾಸ್ತನಾಗಿದ್ದಾಗ ಹಳ್ಳಿಯ ಅಜ್ಜಿಯರು ಬರುತ್ತಿದ್ದರು. ಸ್ಲಿಪ್ ತುಂಬಿಕೊಡಲು ಒಬ್ಬರು ಕನ್ನಡದಲ್ಲಿ ಕೇಳಿದರೆ ಇನ್ನೊಬ್ಬರು ಮರಾಠಿಯಲ್ಲಿ ಕೇಳುತ್ತಿದ್ದರು. ಮಾತು ಬೇರೆಯಾದರೂ ಒತ್ತುತ್ತಿದ್ದುದು ಇಬ್ಬರೂ ಹೆಬ್ಬೆಟ್ಟನ್ನೇ. ಅಕ್ಷರ ಸಿಗದ ಕಷ್ಟ ಇಬ್ಬರದೂ ಒಂದೇ. ಭಾಷೆಯ ಜಗಳದಲ್ಲಿ ಇದು ನಮಗೆ ಕಾಣದೆ ಹೋಗುತ್ತದೆ, ಕಥೆ ಕಾಣಿಸುತ್ತದೆ.

ಅಜ್ಜ-ಅಜ್ಜಿಯರೇ, ಇಲ್ಲಿ ನಮ್ಮ ವಯಸ್ಸಿನ ಬಹಳ ಜನಕ್ಕೆ ಎರಡೂ ಭಾಷೆ ಬರುತ್ತವೆ. ಶ್ಯಾಮನ ಕಥೆಯನ್ನು ಮೊಮ್ಮಕ್ಕಳಿಗೆ ಕನ್ನಡದಲ್ಲಿ ಹೇಳಿ. ಮಕ್ಕಳೇ, ನೀವು ಆ ಗೆಳೆಯನಿಗೆ ಪುಣ್ಯಕೋಟಿಯ ಕಥೆ ಹೇಳಿ. ನಡುವೆ ಅವನಿಗೆ ತಿಳಿಯದ ಪದ ಬಂದರೆ ಬಿಡಿಸಿ ಹೇಳಿ, ಅದಕ್ಕೆ ಮರಾಠಿಯಲ್ಲಿ ಏನೆನ್ನುತ್ತಾರೆಂದು ಅವನನ್ನೇ ಕೇಳಿ ಕಲಿಯಿರಿ.