ಗೋದಲಿಯೂ ಪೇಟೆಯಿಂದ ಬರಬೇಕೇ?

ಗೋದಲಿ ಎಂದರೆ ದನಕ್ಕೆ ಮೇವು ಹಾಕುವ ಜಾಗ. ಯೇಸು ಮಲಗಿದ್ದು ಅಲ್ಲೇ. ಆದರೂ ಕ್ರಿಸ್‌ಮಸ್‌ಗೆ ಹಳ್ಳಿಯವರೂ ಪೇಟೆಯಿಂದ ಪ್ಲಾಸ್ಟಿಕ್ ಗೋದಲಿ ತರುತ್ತಿದ್ದೇವೆ. ಇದು ಬೇಡ ಎನ್ನುತ್ತೇವೆ ನಾವು.

1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಹಳ್ಳಿಯಲ್ಲಿ ಸಂತ ಫ್ರಾನ್ಸಿಸ್ ಗೋದಲಿ ಮಾಡಿಸಿದಾಗ ಬಳಸಿದ್ದು ಹುಲ್ಲು, ಜೀವಂತ ಎತ್ತು, ಕತ್ತೆ. ಡಿಸೆಂಬರಿನಲ್ಲಿ ನಮ್ಮ ಕಣದಲ್ಲೂ ಹೊಸ ಹುಲ್ಲಿರುತ್ತದೆ. ರಟ್ಟಿನ ಡಬ್ಬಿಗೆ ಅದನ್ನು ಹೊದಿಸಿದರೆ ಕೊಟ್ಟಿಗೆ ಸಿದ್ಧ. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡುವ ಮಕ್ಕಳಿಗೆ ಗೋದಲಿಯ ಎತ್ತು, ಕುರಿ ಮಾಡುವುದು ಕಷ್ಟವೇ? ಐದು ಬಿದಿರು ಕಡ್ಡಿಗಳ ತುದಿ ಕಟ್ಟಿ ಬಣ್ಣದ ಕಾಗದ ಅಂಟಿಸಿದರೆ ನಕ್ಷತ್ರ. ಕಾಗದದೊಳಗೆ ಮೇಣದಬತ್ತಿ ಮಾತ್ರ ಇಡಬೇಡಿ.

ಪಕ್ಕದ ಮನೆ ಮಕ್ಕಳನ್ನೂ ಕರೆಯಿರಿ, ಯಾವ ಧರ್ಮದವರಾದರೂ ಸರಿ. ಕೊಂಡು ತಂದ ಗೋದಲಿಯನ್ನು ಮಕ್ಕಳು ನೋಡುತ್ತಾರಷ್ಟೆ. ಜೊತೆಗೆ ಕೂತು ಮಾಡಿದರೆ ಹಬ್ಬ ಎಲ್ಲರದೂ ಆಗುತ್ತದೆ.